ಅಪ್ಪನಿಗೆ ಮರೆವು ಶುರುವಾಗಿದೆ. ಡಾಕ್ಟರ್ ಹತ್ತಿರ ಹೋಗುವ ಮೊದಲು ಆಲ್ಝೈಮರ್ ಸುಳಿವು ಕೊಡುವ ಪಿ-ಟೌ217 ಎಂಬ ಪ್ರೋಟೀನಿನ ರಕ್ತಪರೀಕ್ಷೆ ಮಾಡಿಸಬಹುದೇ? ನನಗೆ ಲಕ್ಷಣವೇನೂ ಇಲ್ಲ, ಆದರೂ ಬೇಗ ಗೊತ್ತಾದರೆ ಒಳ್ಳೆಯದಲ್ಲವೇ, ನಾನೂ ಮಾಡಿಸಿಕೊಳ್ಳಲೇ?

ಬೇಡ. ನಾನು ಅಮ್ಮನಿಗೆ ಹಾಗೇ ಮಾಡಿಸಿದ್ದೆ.

ಅಮ್ಮ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಒಲೆ ಆರಿಸಲು ಮರೆಯುತ್ತಿದ್ದಳು. ಯಾರನ್ನೂ ಕೇಳದೆ ಲ್ಯಾಬ್‌ಗೆ ರಕ್ತ ಕೊಡಿಸಿದೆ. ಪಿ-ಟೌ217 ಹೆಚ್ಚಿದೆ ಎಂದು ರಿಪೋರ್ಟ್ ಬಂತು. ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನ್ ಕೂಡಿಕೊಂಡಾಗ ಇದು ಏರುತ್ತದೆ ಎಂದು ಓದಿದ್ದೆ. ಅಲ್ಲಿಗೆ ಆಲ್ಝೈಮರ್ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಅಡುಗೆಮನೆ ಬಿಡಿಸಿದೆ, ದುಡ್ಡಿನ ವ್ಯವಹಾರ ಕಿತ್ತುಕೊಂಡೆ. ಅಮ್ಮ ಮಾತಾಡುವುದನ್ನೇ ಕಡಿಮೆ ಮಾಡಿದಳು. ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದುಕೊಂಡೆ!

ತುಂಬಾ ತಡವಾಗಿ ನರರೋಗ ತಜ್ಞರ ಹತ್ತಿರ ಹೋದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, 'ಯಾವ ಯಾವ ಮಾತ್ರೆ ತಗೊಳ್ತಾರೆ?' ಮೂತ್ರ ತಡೆಯಲಾಗದ್ದಕ್ಕೆ ಒಂದು, ಅಲರ್ಜಿಗೆ ರಾತ್ರಿ ಒಂದು. ಎರಡೂ ಅಸಿಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡ ಬರುವಂಥವು. ನೆನಪಿಗೆ ಬೇಕಾದ ರಾಸಾಯನಿಕವೇ ಅದು. ವಯಸ್ಸಾದವರಿಗೆ ಇಂಥ ಮಾತ್ರೆಗಳಿಂದಲೇ ಮರೆವು, ಗೊಂದಲ ಬರಬಹುದು.

ಹಾಗಾದರೆ ಪಿ-ಟೌ ಏಕೆ ಏರಿತ್ತು? ಇಲ್ಲೇ ನಾನು ಎಡವಿದ್ದು. ಅಮ್ಮನ ಕಿಡ್ನಿ ಮೊದಲಿಂದಲೂ ಸ್ವಲ್ಪ ವೀಕು. ಕಿಡ್ನಿ ಸರಿಯಾಗಿ ಸೋಸದಿದ್ದರೆ ಮಿದುಳಿನಲ್ಲಿ ಏನೂ ಇಲ್ಲದೆಯೂ ರಕ್ತದಲ್ಲಿ ಪಿ-ಟೌ ಜಾಸ್ತಿ ಕಾಣಬಹುದು. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಅದೇ ಫೈಲಿನಲ್ಲಿತ್ತು, ಪಿ-ಟೌ ರಿಪೋರ್ಟಿನ ಕೆಳಗೇ. ಎರಡನ್ನೂ ಜೋಡಿಸಿ ನೋಡಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಇಲ್ಲ. ಲ್ಯಾಬ್ ಸುಳ್ಳು ಹೇಳಿರಲಿಲ್ಲ, ಅಂಕಿಯೂ ಸರಿಯೇ. ಆದರೆ ಆ ಅಂಕಿಯನ್ನು ಯಾರ ಮೈಯಿಂದ ತೆಗೆದದ್ದು ಎನ್ನುವುದನ್ನೇ ಬಿಟ್ಟು ಓದಿದ್ದೆ. ಮಿದುಳಿನ ಪೆಟ್ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ ಕಾಣಲಿಲ್ಲ. ಮಾತ್ರೆ ಬದಲಾಯಿಸಿದ ಮೇಲೆ ಅಮ್ಮ ಬಹಳಷ್ಟು ಚೇತರಿಸಿಕೊಂಡಳು. ನನ್ನ ಮೇಲಿನ ಸಿಟ್ಟು ಮಾತ್ರ ಇನ್ನೂ ಇದೆ.

ಪರೀಕ್ಷೆ ಕೆಟ್ಟದ್ದು ಅಂತಲ್ಲ. 2025ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಬಾರಿಗೆ ಇಂಥದ್ದೊಂದಕ್ಕೆ ಅನುಮತಿ ಕೊಟ್ಟಿತು. ಅದು ಪಿ-ಟೌ217 ಮತ್ತು ಬೀಟಾ ಅಮಿಲಾಯ್ಡ್ 1-42 (ಅಮಿಲಾಯ್ಡಿನ ಒಂದು ರೂಪ) ಇವುಗಳ ಅನುಪಾತ ನೋಡುತ್ತದೆ. 499 ಮಾದರಿಗಳಲ್ಲಿ ಪಾಸಿಟಿವ್ ಬಂದವರ ಪೈಕಿ ಶೇ 91.7 ಮಂದಿಗೆ ನಿಜಕ್ಕೂ ಅಮಿಲಾಯ್ಡ್ ಇತ್ತು. ಶೇ 20ಕ್ಕಿಂತ ಕಡಿಮೆ ಜನರಿಗೆ 'ಹೇಳಲಾಗದು' ಎಂಬ ಉತ್ತರ ಬಂತು. ಆದರೆ ಅನುಮತಿ ಇರುವುದು ಮರೆವಿನ ಲಕ್ಷಣ ಇರುವ, ತಜ್ಞರು ನೋಡುತ್ತಿರುವವರಿಗೆ.

ಹಾಗಾಗಿ ಲಕ್ಷಣವೇ ಇಲ್ಲದ ನೀವು ಸುಮ್ನೆ ಇರಿ. ಲೆಕ್ಕ ಹಾಕಿ ನೋಡಿ: 1000 ಜನರಲ್ಲಿ 20 ಮಂದಿಗೆ ಅಮಿಲಾಯ್ಡ್ ಇದೆ, ಪರೀಕ್ಷೆ ಅಮಿಲಾಯ್ಡ್ ಇದ್ದವರಲ್ಲೂ ಇಲ್ಲದವರಲ್ಲೂ ಶೇ 90 ಸರಿ ಅಂದುಕೊಳ್ಳಿ. ಆಗ 18 ಮಂದಿಗೆ ನಿಜವಾದ ಪಾಸಿಟಿವ್, 98 ಮಂದಿಗೆ ಸುಳ್ಳು ಪಾಸಿಟಿವ್. ನಿಜವೇ ಆದರೂ, ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಚುರುಕಾಗಿರುವವರು ಇದ್ದಾರೆ. 'ಬೇಗ ಗೊತ್ತಾದರೆ ಒಳ್ಳೆಯದು' ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಾಗಿ ಏನು ಮಾಡುತ್ತೀರಿ? ಲೆಕನೆಮ್ಯಾಬ್, ಡೊನನೆಮ್ಯಾಬ್ ಔಷಧಿಗಳು ಲಕ್ಷಣ ಶುರುವಾದವರಿಗೆ, ಅದೂ ಆರಂಭದ ಹಂತದಲ್ಲಿ. ಅವು ಕಾಯಿಲೆಯನ್ನು ನಿಧಾನ ಮಾಡುತ್ತವೆ ಅಷ್ಟೇ, ಹಿಂದಕ್ಕೆ ತಿರುಗಿಸುವುದಿಲ್ಲ.

ಅಪ್ಪನಿಗೆ ಮೊದಲು ಬಿ12, ಥೈರಾಯ್ಡ್, ಕಿಡ್ನಿ ನೋಡಿಸಿ. ಕಿವಿ ಸರಿಯಾಗಿ ಕೇಳುತ್ತಾ, ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯಾ ಎಂದು ವಿಚಾರಿಸಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಪಿ-ಟೌ ಬೇಕೋ ಬೇಡವೋ ಎಂದು ಅವರೇ ಹೇಳಲಿ.