ಎರಡನೇ ಮಹಡಿಯ ಕ್ಲಾಸಿನ ಬಗ್ಗೆ

ಗೆಳತಿ ಗಾಲಿಕುರ್ಚಿಯಲ್ಲಿ ಬರುತ್ತಾರೆ, ಎಂ.ಎ. ಕ್ಲಾಸು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಹುಡುಗರು ಎತ್ತಿಕೊಂಡು ಹೋಗುತ್ತಾರೆ, ಇನ್ನೇನು ಮಾಡಬಹುದು ಅಂತ ಕೇಳಿದ್ದೀರಿ. ಎತ್ತುವುದನ್ನೇ ಪರಿಹಾರ ಅಂದುಕೊಳ್ಳಬೇಡಿ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ದಿನಾ ನಾಲ್ಕು ಜನರ ಕೈಯಲ್ಲಿ ಮೆಟ್ಟಿಲು ಹತ್ತುವುದು ಯಾರಿಗೆ ಇಷ್ಟ ಆಗುತ್ತೆ, ಅಲ್ವಾ? ಕ್ಲಾಸನ್ನೇ ನೆಲಮಹಡಿಗೆ ತರಿಸಿ. ಕೊಠಡಿ ಬದಲಿಸಲು ಖರ್ಚೇನೂ ಇಲ್ಲ. ಗೆಳತಿಯನ್ನು ಕೇಳಿಕೊಂಡೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಿ, ಕುಲಸಚಿವರಿಗೂ ಒಂದು ಪ್ರತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಹೆಸರು ಅದರಲ್ಲಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ರ‍್ಯಾಂಪ್ ಇದೆಯಲ್ಲ ಅಂತ ವಿಭಾಗದವರು ಅಂದರೆ ಟೇಪು ಹಿಡಿದು ಅಳೆಯಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಎಷ್ಟೋ ಕಡೆ ಸುಮ್ನೆ ಸಿಮೆಂಟ್ ಸುರಿದು ಜಾರುಬಂಡೆ ಮಾಡಿರುತ್ತಾರೆ. ಶೌಚಾಲಯದ ಬಾಗಿಲಲ್ಲಿ ಕುರ್ಚಿ ತೂರುತ್ತದಾ, ಅದನ್ನೂ ನೋಡಿ.