ಆಪರೇಷನ್ ಆದಮೇಲೆ ಐಸಿಯುನಲ್ಲಿ ಬಿಪಿ ಏರಿಸುವ ಔಷಧಿ ಶುರು ಮಾಡಿದರೆ ರೋಗಿ ಉಳಿಯುವುದು ಕಷ್ಟ ಅಂತ ಅರ್ಥವೇ?

ಇಲ್ಲ, ಹಾಗೆ ಹೇಳಲು ಬರುವುದಿಲ್ಲ. ದೊಡ್ಡ ಆಪರೇಷನ್ ನಂತರ ಅರಿವಳಿಕೆ, ರಕ್ತಸ್ರಾವ, ಸೋಂಕು ಯಾವುದರಿಂದ ಬೇಕಾದರೂ ಬಿಪಿ ಬೀಳಬಹುದು. ಆಗ ಹೆಚ್ಚಾಗಿ ನಾರ್‌ಅಡ್ರಿನಲಿನ್ ಹಾಕುತ್ತಾರೆ. ಅದು ಸಡಿಲವಾದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮೇಲಿನ, ಕೆಳಗಿನ ಬಿಪಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸರಾಸರಿ ಒತ್ತಡವನ್ನು (MAP) 65ರ ಆಸುಪಾಸು ನಿಲ್ಲಿಸುವುದು ಸಾಮಾನ್ಯ ಗುರಿ.

ಈ ಔಷಧಿ ಬೇಕಾದವರಲ್ಲಿ ಸಾವು ಜಾಸ್ತಿ ಅನ್ನುವುದು ನಿಜ. ಆದರೆ ಅವರ ಸ್ಥಿತಿ ಮೊದಲೇ ಗಂಭೀರವಾಗಿತ್ತು, ಅಲ್ವಾ? ಔಷಧಿಯೇ ಕಾರಣ ಅಂತ ಅದರಿಂದ ತೀರ್ಮಾನಿಸಬಾರದು.

ಹಾಗಂತ ಸುಮ್ನೆ ಡೋಸ್ ಏರಿಸುತ್ತಾ ಹೋಗುವುದೂ ಸರಿಯಲ್ಲ. ಅತಿಯಾದರೆ ಬೆರಳು, ಕರುಳಿಗೆ ರಕ್ತ ಸಾಲದೇ ಹೋಗಬಹುದು, ಎದೆಬಡಿತದ ಲಯ ತಪ್ಪಬಹುದು. ಯಾವ ಔಷಧಿ ಅನ್ನುವುದೂ ಮುಖ್ಯ. 2010ರ ಒಂದು ಅಧ್ಯಯನದಲ್ಲಿ ಶಾಕ್‌ನಲ್ಲಿದ್ದ (ಬಿಪಿ ತೀರಾ ಬಿದ್ದು ಅಂಗಗಳಿಗೆ ರಕ್ತ ಸಾಲದ) 1,679 ರೋಗಿಗಳಿಗೆ ಡೋಪಮಿನ್ (ಇದೂ ಬಿಪಿ ಏರಿಸುವ ಔಷಧಿ) ಅಥವಾ ನಾರ್‌ಅಡ್ರಿನಲಿನ್ ಕೊಟ್ಟು ಹೋಲಿಸಿದರು. ಸಾವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಲಯ ತಪ್ಪಿದ್ದು ಮಾತ್ರ ಡೋಪಮಿನ್ ಗುಂಪಿನಲ್ಲಿ ಸುಮಾರು 24%, ಇನ್ನೊಂದರಲ್ಲಿ 12%.

ಈ ಔಷಧಿ ಮೂಲ ಕಾಯಿಲೆಯನ್ನು ಗುಣ ಮಾಡುವುದಿಲ್ಲ, ಸಮಯ ಕೊಡುತ್ತದೆ. ಒಳಗೆ ರಕ್ತ ಸೋರುತ್ತಿದ್ದರೆ ನಿಲ್ಲಿಸಬೇಕು, ಕೀವಿದ್ದರೆ ತೆಗೆಯಬೇಕು.

ಹಾಸಿಗೆ ಪಕ್ಕದಲ್ಲಿ ಈ ಔಷಧಿಯನ್ನು ನಿಧಾನವಾಗಿ ಹರಿಸುವ ಸಿರಿಂಜ್ ಪಂಪ್ ನೋಡಿ. ಬೆಳಿಗ್ಗೆ ಗಂಟೆಗೆ 10 ಮಿಲಿ ಇದ್ದ ಅಂಕಿ ಸಂಜೆ ಹೊತ್ತಿಗೆ 4 ಮಿಲಿಗೆ ಇಳಿದು, ಮೂತ್ರದ ಚೀಲವೂ ತುಂಬುತ್ತಿದ್ದರೆ ಒಳ್ಳೆಯ ಗುರುತು (ಸಿರಿಂಜಿನಲ್ಲಿ ಬೆರೆಸಿದ ಔಷಧಿಯ ಸಾಂದ್ರತೆ ಬದಲಾಗಿರಬಾರದು, ಅಷ್ಟೇ). ಬಿಪಿ ಏರಿಸಲು ಒಂದು ಔಷಧಿ ಸಾಲದೆ ಎರಡನೆಯದು, ಮೂರನೆಯದು ಸೇರುತ್ತಿದ್ದರೆ ಚಿಂತೆಯ ವಿಷಯ. ಡಾಕ್ಟರ್ ಸಿಕ್ಕಾಗ ಬಿಪಿ ಎಷ್ಟಿದೆ ಅಂತ ಮಾತ್ರ ಕೇಳಬೇಡಿ. ಡೋಸ್ ಇಳಿಯುತ್ತಿದೆಯೇ ಅಂತಲೂ ಕೇಳಿ.