ಕಾನೂನು ಪ್ರಶ್ನೋತ್ತರ: ಬಾಡಿಗೆ ಬಾಕಿ ಇಟ್ಟವರಿಗೆ ಖಾಲಿ ಮಾಡುವ ನೋಟಿಸ್

ಪ್ರಶ್ನೆ: ಮೇಲಿನ ಮನೆಯನ್ನು ತಿಂಗಳಿಗೆ 14,000 ರೂಪಾಯಿಗೆ, ಒಂದು ಲಕ್ಷ ಅಡ್ವಾನ್ಸ್ ಪಡೆದು ಬಾಡಿಗೆಗೆ ಕೊಟ್ಟಿದ್ದೇವೆ. 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಹೊಸದು ಬರೆಸಿಲ್ಲ. ಏಳು ತಿಂಗಳಿಂದ ಬಾಡಿಗೆ ಬಂದಿಲ್ಲ. ಕೇಳಿದರೆ 'ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ' ಎನ್ನುತ್ತಾರೆ. 'ಒಂದು ವಾರದೊಳಗೆ ಬಾಕಿ ಕೊಡಿ, ಇಲ್ಲದಿದ್ದರೆ ಖಾಲಿ ಮಾಡಿ' ಎಂದು ವಾಟ್ಸಾಪ್‌ನಲ್ಲಿ ಕಳಿಸಿದ್ದೇವೆ. ಇಷ್ಟು ಸಾಕೇ?
— ಓದುಗರು, ತುಮಕೂರು

ಉತ್ತರ: ಸಾಲದು. ಕೇಳಿದ್ದನ್ನು ತೋರಿಸಲು ಆ ಸಂದೇಶ ಉಪಯೋಗಕ್ಕೆ ಬಂದೀತು, ಅಳಿಸಬೇಡಿ. ಆದರೆ ಅದು ಬಾಡಿಗೆದಾರಿಕೆಯನ್ನು ಕೊನೆಗೊಳಿಸುವ ನೋಟಿಸ್ ಅಲ್ಲ.

ನಿಮ್ಮ ಕರಾರು ಮುಗಿದ ಮೇಲೂ ಅವರು ಮನೆಯಲ್ಲಿದ್ದರು, ನೀವು ಬಾಡಿಗೆ ಪಡೆಯುತ್ತ ಬಂದಿರಿ. ಹೀಗಾದಾಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಇದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಅನ್ವಯ. 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಇಂಥ ಬಾಡಿಗೆಯನ್ನು ಕೊನೆಗೊಳಿಸಬಹುದು, ಕಾರಣ ಹೇಳಬೇಕಾದ ಅಗತ್ಯವೇ ಇಲ್ಲ. ನಿಮ್ಮ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಏಳು ತಿಂಗಳ ಬಾಕಿ 98,000 ರೂಪಾಯಿ, ಅಡ್ವಾನ್ಸ್ ಒಂದು ಲಕ್ಷ. ಬಾಕಿಯನ್ನೇ ಕಾರಣ ಮಾಡಿಕೊಂಡು ಕೋರ್ಟಿಗೆ ಹೋದರೆ, 'ನನ್ನ ಹಣ ಅವರ ಬಳಿಯೇ ಇದೆ, ಬಾಕಿ ಎಲ್ಲಿಯದು?' ಎಂದು ಅವರು ವಾದ ಹೂಡುತ್ತಾರೆ. ವಿಚಾರಣೆ ಲೆಕ್ಕಾಚಾರದಲ್ಲೇ ಸಿಕ್ಕಿಕೊಳ್ಳುತ್ತದೆ. 106ರ ಕೆಳಗೆ ಬಾಡಿಗೆದಾರಿಕೆಯನ್ನೇ ಕೊನೆಗೊಳಿಸಿದರೆ ಸ್ವಾಧೀನ ಕೇಳಲು ಆ ವಾದ ಅಡ್ಡ ಬರುವುದಿಲ್ಲ. ಬಾಕಿಯ ವಸೂಲಿಯನ್ನು ಅದೇ ದಾವೆಯಲ್ಲಿ ಬೇರೆ ಪರಿಹಾರವಾಗಿ ಕೇಳಿಕೊಳ್ಳಬಹುದು.

ಹಾಗಾಗಿ 'ಕೊಡಿ, ಇಲ್ಲವೇ ಖಾಲಿ ಮಾಡಿ' ಎಂಬ ಧಾಟಿ ಬೇಡವೇ ಬೇಡ. ಅಂಥ ಷರತ್ತಿನ ಮಾತು, ಹಣ ಕೊಟ್ಟರೆ ಇರಬಹುದು ಎಂಬ ಅರ್ಥಕ್ಕೆ ಎಡೆಕೊಡುತ್ತದೆ. ನೋಟಿಸಿನಲ್ಲಿ ಒಂದು ವಾಕ್ಯವಂತೂ ಖಚಿತವಾಗಿ ಇರಲಿ: 'ಸದರಿ ಸ್ವತ್ತಿನ ನಿಮ್ಮ ಮಾಸಿಕ ಬಾಡಿಗೆದಾರಿಕೆಯನ್ನು ಈ ಮೂಲಕ ಕೊನೆಗೊಳಿಸಲಾಗಿದೆ. ಈ ನೋಟಿಸ್ ತಲುಪಿದ ದಿನದಿಂದ 15 ದಿನಗಳು ಮುಗಿದ ಕೂಡಲೇ ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು.' ಬಾಕಿಯ ವಿಚಾರ ಬೇರೆ ಪ್ಯಾರಾದಲ್ಲಿ ಬರಲಿ: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ತಿಂಗಳಿಗೆ ಎಷ್ಟು, ಒಟ್ಟು ಎಷ್ಟು, ಕರೆಂಟು ಮತ್ತು ನೀರಿನ ಬಿಲ್ ಬಾಕಿಯಿದ್ದರೆ ಅದೆಷ್ಟು. ಅಡ್ವಾನ್ಸನ್ನು ಮುಚ್ಚಿಡಬೇಡಿ. ಮನೆ ಖಾಲಿಯಾದ ದಿನ ಸಲ್ಲಬೇಕಾದದ್ದನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಲು ಸಿದ್ಧ ಎಂದು ಬರೆಯಿರಿ. ಗಡುವಿನ ನಂತರವೂ ಉಳಿದರೆ ಬಾಡಿಗೆಯ ಬದಲು ಅನುಭೋಗದ (ಮನೆಯನ್ನು ಬಳಸಿಕೊಂಡದ್ದರ) ನಷ್ಟಪರಿಹಾರವಾಗಿ ತಿಂಗಳಿಗೆ ಇಷ್ಟು ಕೇಳುತ್ತೇವೆ ಎಂಬುದನ್ನೂ ಸೇರಿಸಿ.

ಕೊನೆಯಲ್ಲಿ ಷೆಡ್ಯೂಲ್, ಅಂದರೆ ಸ್ವತ್ತಿನ ವಿವರ: ಮನೆ ಸಂಖ್ಯೆ, ಯಾವ ಮಹಡಿ, ಎಷ್ಟು ಕೋಣೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ (ಗಡಿ). ಕೆಳಗಿನ ಮನೆಯೂ ನಿಮ್ಮದೇ ಆಗಿದ್ದರೆ 'ಮೊದಲ ಮಹಡಿ' ಎಂಬ ಎರಡು ಪದ ಬಿಟ್ಟುಹೋದರೂ ಮುಂದೆ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಜಾರಿಯ ಹೊತ್ತಿಗೆ ತಕರಾರು ಏಳುತ್ತದೆ. ಸಹಿ ನಿಮ್ಮದಿರಬಹುದು, ನಿಮ್ಮ ಪರವಾಗಿ ವಕೀಲರದೂ ಆಗಬಹುದು. ವಿಳಾಸದಲ್ಲಿ ಕರಾರಿನಲ್ಲಿರುವ ಹೆಸರನ್ನೇ ಹಾಕಿ. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ್ದರೆ ಇಬ್ಬರಿಗೂ ಕಳಿಸಿ.

ಇಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಕರಾರಿನಲ್ಲಿ ಒಂದು ಅಥವಾ ಎರಡು ತಿಂಗಳ ನೋಟಿಸ್ ಎಂದು ಬರೆದಿದ್ದರೆ ಅಷ್ಟೇ ಅವಧಿ ಕೊಡಿ. 106ರ 15 ದಿನ ಬೇರೆ ಒಪ್ಪಂದ ಇಲ್ಲದಾಗ ಮಾತ್ರ. ನೋಂದಾಯಿತ ಗುತ್ತಿಗೆಯ ಅವಧಿ ಇನ್ನೂ ನಡೆಯುತ್ತಿದ್ದರೆ ಈ ದಾರಿ ಆಗದು. ಬಾಡಿಗೆ ತಪ್ಪಿದರೆ ಮಾಲೀಕರು ಸ್ವಾಧೀನ ಪಡೆಯಬಹುದೆಂಬ ಷರತ್ತು ಅದರಲ್ಲಿರಬೇಕು, ಇದ್ದರೂ ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 114ನೇ ಕಲಮಿನ ಪ್ರಕಾರ ಬಾಡಿಗೆದಾರರು ವಿಚಾರಣೆಯ ವೇಳೆ ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲ ಕಟ್ಟಿದರೆ ಕೋರ್ಟ್ ಅವರನ್ನು ಉಳಿಸಬಹುದು. ಇನ್ನು 1999ರ ಕರ್ನಾಟಕ ಬಾಡಿಗೆ ಕಾಯ್ದೆ: ಅದರ ಪಟ್ಟಿಯ ಮೊದಲ ಭಾಗದಲ್ಲಿರುವ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ, ನಿಮ್ಮದು ಹೊರಗಿದೆ. ಅದರೊಳಗೆ ಬರುವ ಹಳೆಯ ಬಾಡಿಗೆಗಳಲ್ಲಿ ಬಾಕಿ ಕೇಳುವ ನೋಟಿಸ್ ತಲುಪಿ ಎರಡು ತಿಂಗಳಾದರೂ ಪೂರ್ತಿ ಕೊಡದಿದ್ದರೆ ಮಾತ್ರ ಆ ಕಾರಣಕ್ಕೆ ತೆರವು ಕೇಳಲು ಬರುತ್ತದೆ.

ಕಳಿಸುವುದು ಅಂಚೆಯಲ್ಲಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಆದ್ದರಿಂದ ಸ್ಪೀಡ್ ಪೋಸ್ಟ್‌ನಲ್ಲಿ ರಿಜಿಸ್ಟ್ರೇಷನ್ ಸೌಲಭ್ಯ ಮತ್ತು ಬಟವಾಡೆಯ ಪುರಾವೆ ಬೇಕೆಂದು ಕೌಂಟರಿನಲ್ಲಿ ಕೇಳಿ ಪಡೆಯಿರಿ. ನೋಟಿಸಿನ ಸಹಿ ಹಾಕಿದ ಪ್ರತಿ, ಅಂಚೆ ರಸೀದಿ, ಬಟವಾಡೆಯ ದಿನಾಂಕ ತೋರಿಸುವ ಟ್ರ್ಯಾಕಿಂಗ್ ಪುಟದ ಪ್ರಿಂಟ್, ಮೂರನ್ನೂ ಒಟ್ಟಿಗಿಡಿ. 15 ದಿನದ ಲೆಕ್ಕ ಶುರುವಾಗುವುದು ತಲುಪಿದ ದಿನದಿಂದ, ನೀವು ಬರೆದ ದಿನದಿಂದಲ್ಲ. ಗಡುವಿನ ಎಣಿಕೆಯಲ್ಲಿ ಒಂದೆರಡು ದಿನ ಕಡಿಮೆಯಾಗಿದ್ದರೂ, 15 ದಿನ ಕಳೆದ ನಂತರವೇ ದಾವೆ ಹಾಕಿದ್ದರೆ ಅಷ್ಟಕ್ಕೇ ನೋಟಿಸ್ ಬಿದ್ದುಹೋಗುವುದಿಲ್ಲ.

ನೀರು, ಕರೆಂಟು ಕಡಿಯುವುದು, ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು ಯಾವುದನ್ನೂ ಮಾಡಬೇಡಿ. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಬಾಕಿಗಾಗಿ ಅಲೆಯಬೇಕಾದ ನೀವೇ ಆಗ ಪ್ರತಿವಾದಿ.

ಪ್ರಶ್ನೆ: ನಾವು ಕಳಿಸಿದ ನೋಟಿಸ್ 'ಪಡೆಯಲು ನಿರಾಕರಿಸಿದರು' ಎಂಬ ಷರಾದೊಂದಿಗೆ ವಾಪಸ್ ಬಂದಿದೆ. ಮರುವಾರ ಅವರು ಯುಪಿಐ ಮೂಲಕ ಒಂದು ತಿಂಗಳ ಬಾಡಿಗೆ ಹಾಕಿದ್ದಾರೆ. ಮತ್ತೆ ಮೊದಲಿಂದ ನೋಟಿಸ್ ಕೊಡಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ವಿಳಾಸ ಸರಿಯಾಗಿದ್ದು ನಿರಾಕರಿಸಿದ್ದರೆ ತಲುಪಿದಂತೆಯೇ ಲೆಕ್ಕ. ಲಕೋಟೆಯನ್ನು ಒಡೆಯಬೇಡಿ, ಮುಚ್ಚಿದ ಸ್ಥಿತಿಯಲ್ಲೇ ಕೋರ್ಟಿಗೆ ಹಾಜರುಪಡಿಸಬೇಕು. ಷರಾ 'ಈ ವಿಳಾಸದಲ್ಲಿಲ್ಲ' ಎಂದಿದ್ದರೆ ಮಾತು ಬೇರೆ. ಆಗ ಸರಿಯಾದ ವಿಳಾಸಕ್ಕೆ ಮತ್ತೆ ಕಳಿಸಬೇಕು. ಖುದ್ದಾಗಿ ಅವರಿಗೋ ಮನೆಯವರಿಗೋ ಕೊಡಲು ಹೋಗಿ ಅದೂ ಸಾಧ್ಯವಾಗದಿದ್ದರೆ ಬಾಗಿಲಿನಂಥ ಎದ್ದುಕಾಣುವ ಜಾಗದಲ್ಲಿ ಅಂಟಿಸಲು ಕಾನೂನು ಅವಕಾಶ ಕೊಡುತ್ತದೆ. ಅಂಟಿಸುವಾಗ ಇಬ್ಬರು ಸಾಕ್ಷಿಗಳಿರಲಿ, ಮನೆ ಸಂಖ್ಯೆಯೂ ಕಾಣುವಂತೆ ಫೋಟೊ ತೆಗೆಯಿರಿ.

ಹಣದ ವಿಚಾರದಲ್ಲಿ ಎಚ್ಚರ ಬೇಕು. ನೋಟಿಸಿನ ನಂತರದ ಅವಧಿಗೆ ಬಾಡಿಗೆ ಎಂದೇ ಪಡೆದರೆ ನೋಟಿಸನ್ನು ಕೈಬಿಟ್ಟಿರಿ ಎಂಬ ವಾದಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಮು ಆಸರೆಯಾಗುತ್ತದೆ. ಖಾತೆಗೆ ಹಣ ಬಂದದ್ದರಿಂದಲೇ ಎಲ್ಲ ಹಾಳಾಗದು, ನಿಮ್ಮ ಉದ್ದೇಶವೇನಿತ್ತು ಎಂಬುದು ಮುಖ್ಯ. ತಡಮಾಡದೆ ಬರೆದು ತಿಳಿಸಿ: 'ಈ ಮೊತ್ತವನ್ನು ಹಿಂದಿನ ಬಾಕಿಗೆ ಜಮಾ ಮಾಡಿಕೊಂಡಿದ್ದೇವೆ. ನೋಟಿಸ್ ಜಾರಿಯಲ್ಲಿಯೇ ಇದೆ.' 'ಬಾಡಿಗೆ ಸಂದಾಯವಾಗಿದೆ' ಎಂಬ ರಸೀದಿ ಮಾತ್ರ ಕೊಡಬೇಡಿ.

ಪ್ರಶ್ನೆ: ಬಾಡಿಗೆದಾರರಿರುವ ಮನೆಯನ್ನೇ ಖರೀದಿಸಿದ್ದೇವೆ. ಹಳೆಯ ಮಾಲೀಕರಿಗೆ ಅವರು ಐದು ತಿಂಗಳ ಬಾಕಿ ಕೊಡಬೇಕಿತ್ತಂತೆ. ಅದನ್ನು ನಾವು ಕೇಳಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಕ್ರಯಪತ್ರದಲ್ಲಿ ಅಥವಾ ಬೇರೆ ಪತ್ರದಲ್ಲಿ ಆ ಬಾಕಿಯ ಹಕ್ಕನ್ನು ನಿಮಗೆ ಬರೆದುಕೊಟ್ಟಿದ್ದರೆ ಮಾತ್ರ. ಇಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕ್ರಯದ ಹಿಂದಿನ ಬಾಕಿ ಹಳೆಯ ಮಾಲೀಕರದೇ. ಅದನ್ನು ನಿಮ್ಮ ನೋಟಿಸಿನಲ್ಲಿ ಸೇರಿಸಿದರೆ ಲೆಕ್ಕವೇ ತಪ್ಪೆಂದು ಎದುರಿನವರು ಹಿಡಿದುಕೊಳ್ಳುತ್ತಾರೆ. ಕ್ರಯದ ದಿನದಿಂದ ಬಾಡಿಗೆ ನಿಮ್ಮದು, ಖಾಲಿ ಮಾಡಿಸುವ ಹಕ್ಕೂ ನಿಮ್ಮದು. ಮಾಲೀಕತ್ವ ಬದಲಾದದ್ದನ್ನೂ ಬಾಡಿಗೆ ಜಮಾ ಮಾಡಬೇಕಾದ ಖಾತೆಯನ್ನೂ ಮೊದಲು ಲಿಖಿತವಾಗಿ ತಿಳಿಸಿ, ಏಕೆಂದರೆ ಮಾರಾಟದ ಸುದ್ದಿ ತಿಳಿಯದೆ ಅವರು ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ನೀವು ಮತ್ತೆ ಕೇಳುವಂತಿಲ್ಲ. ಅಡ್ವಾನ್ಸ್ ಹಳೆಯ ಮಾಲೀಕರ ಬಳಿಯೇ ಉಳಿದಿದ್ದರೆ ಅದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಮನೆ ಬಿಡುವ ದಿನ ಬಾಡಿಗೆದಾರರು ಅದನ್ನು ಕೇಳುವುದು ನಿಮ್ಮನ್ನೇ.